ಬೀಜಜನ್ಯ ರೋಗಗಳ ಆಣ್ವಿಕ ಪತ್ತೆ: ಕ್ವಾರಂಟೈನ್ ಪ್ರಯೋಗಾಲಯಕ್ಕೆ ಹಂತಹಂತದ ಮಾರ್ಗದರ್ಶಿ

ಗೋಧಿಯ ಬೆಂಕಿ ರೋಗ ಮೊದಲು ಕಾಣಿಸಿಕೊಂಡದ್ದು 1985ರಲ್ಲಿ, ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ. ಮೂರು ದಶಕಗಳ ಕಾಲ ಮುಖ್ಯವಾಗಿ ದಕ್ಷಿಣ ಅಮೆರಿಕದ ಹೊಲಗಳಲ್ಲಿಯೇ ಉಳಿದಿದ್ದ ಈ ರೋಗ 2016ರಲ್ಲಿ ಬಾಂಗ್ಲಾದೇಶದ ಗೋಧಿಯಲ್ಲಿ ಕಾಣಿಸಿಕೊಂಡಿತು. ರೋಗ ತಗಲಿದ ತೆನೆಗಳಿಂದ ಪಡೆದ ಶಿಲೀಂಧ್ರದ ಜೀನೋಮನ್ನು ವಿಶ್ಲೇಷಿಸಿದಾಗ ಅದು ದಕ್ಷಿಣ ಅಮೆರಿಕದಲ್ಲಿ ಗೋಧಿಗೆ ತಗಲುವ ಶಿಲೀಂಧ್ರದ ವಂಶಕ್ಕೇ ಸೇರಿದ್ದೆಂದು ತಿಳಿದುಬಂದಿತು. ಬೀಜದೊಂದಿಗೆ ಸಾಗಬಲ್ಲ ಇಂತಹ ರೋಗಕಾರಕಗಳನ್ನು ಗಡಿಯಲ್ಲೇ ತಡೆಯುವುದು ಕ್ವಾರಂಟೈನ್ ವ್ಯವಸ್ಥೆಯ ಕೆಲಸ. ಆದರೆ ಸೋಂಕು ತಗಲಿದ ಬೀಜ ಎಷ್ಟೋ ಸಲ ನೋಟಕ್ಕೆ ಗಟ್ಟಿಯಾಗಿರುತ್ತದೆ, ಚೆನ್ನಾಗಿ ಮೊಳೆಯುತ್ತದೆ, ಮತ್ತು ಭೂತಗನ್ನಡಿಗೂ ಸೂಕ್ಷ್ಮದರ್ಶಕಕ್ಕೂ ಯಾವ ಸುಳಿವನ್ನೂ ಕೊಡುವುದಿಲ್ಲ. ಆದ್ದರಿಂದಲೇ ರೋಗಕಾರಕದ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನೇ ಹುಡುಕುವ ಆಣ್ವಿಕ ವಿಧಾನಗಳು ಇಂದು ಈ ಕೆಲಸದ ಕೇಂದ್ರದಲ್ಲಿವೆ.

ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು, ಕೃಷಿ ವಿದ್ಯಾರ್ಥಿಗಳು ಮತ್ತು ಬೀಜದ ಆಮದು ರಫ್ತಿನ ವರದಿಗಳನ್ನು ಓದಬೇಕಾದವರು ಈ ಮಾರ್ಗದರ್ಶಿಯ ಓದುಗರೆಂದು ಭಾವಿಸಿದ್ದೇನೆ. ಪಿಸಿಆರ್ ಎಂದರೆ ಡಿಎನ್‌ಎಯ ಆಯ್ದ ತುಣುಕನ್ನು ಪತ್ತೆಹಚ್ಚಲು ಸಾಕಾಗುವಷ್ಟು ಪ್ರತಿಗಳಾಗಿ ಹೆಚ್ಚಿಸುವ ವಿಧಾನ. ಅದರ ಯಂತ್ರವನ್ನು ನಡೆಸುವ ಕ್ರಮವನ್ನು ಯಂತ್ರದ ಜೊತೆಗೆ ಬರುವ ಕೈಪಿಡಿಯೇ ಕಲಿಸುತ್ತದೆ. ಯಂತ್ರಕ್ಕೆ ಮಾದರಿಯನ್ನು ಇಡುವ ಮೊದಲು ಮತ್ತು ಅದರಿಂದ ಫಲಿತಾಂಶ ಬಂದ ನಂತರ ತೆಗೆದುಕೊಳ್ಳಬೇಕಾದ ನಿರ್ಧಾರಗಳ ಮೇಲೆಯೇ ಪರೀಕ್ಷೆಯ ನಂಬಿಕೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗವನ್ನು ಅವುಗಳಿಗೇ ಕೊಟ್ಟಿದ್ದೇನೆ.

ಮೊದಲ ಹಂತ: ಏನನ್ನು, ಬೀಜದ ಯಾವ ಭಾಗದಲ್ಲಿ ಹುಡುಕಬೇಕು

ಮಾದರಿ ಕೈಗೆ ಬಂದ ಕೂಡಲೇ ಪರೀಕ್ಷೆ ಆರಂಭಿಸಬಾರದು. ಬೆಳೆ ಯಾವುದು, ಬೀಜ ಬೆಳೆದ ಪ್ರದೇಶ ಯಾವುದು, ಆಮದು ಮಾಡಿಕೊಳ್ಳುವ ದೇಶದ ನಿಷೇಧಿತ ಪಟ್ಟಿಯಲ್ಲಿ ಯಾವ ರೋಗಕಾರಕಗಳಿವೆ, ಬೀಜ ಬಿತ್ತನೆಗೆ ಬಂದಿದೆಯೋ ಆಹಾರಕ್ಕೆ ಬಂದಿದೆಯೋ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ರೂಪುಗೊಂಡ ಮಾನದಂಡಗಳಲ್ಲಿ 38ನೆಯದು ಬೀಜಗಳ ಅಂತರರಾಷ್ಟ್ರೀಯ ಸಾಗಣೆಗೆ ಸಂಬಂಧಿಸಿದ್ದು. ಅದು 2017ರಲ್ಲಿ ಅಂಗೀಕೃತವಾಯಿತು. ಕೆಲವು ಆಯ್ದ ರೋಗಕಾರಕಗಳ ಪತ್ತೆಗೆ ಅದೇ ಒಪ್ಪಂದದ 27ನೆಯ ಮಾನದಂಡದಲ್ಲಿ ಅಧಿಕೃತ ವಿಧಾನಗಳಿವೆ. ಅಂತಹ ವಿಧಾನ ಲಭ್ಯವಿರುವಾಗ ಪ್ರಯೋಗಾಲಯ ತನ್ನದೇ ಹೊಸ ದಾರಿ ಹಿಡಿಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಮುಂದೆ ಎರಡು ದೇಶಗಳ ನಡುವೆ ಫಲಿತಾಂಶದ ಬಗ್ಗೆ ವಿವಾದ ಎದ್ದರೆ ಇಬ್ಬರೂ ಒಪ್ಪುವ ಆಧಾರವೇ ಬೇಕಾಗುತ್ತದೆ.

ಬೀಜದೊಂದಿಗೆ ಸಾಗುವ ರೋಗಕಾರಕಕ್ಕೂ ಬೀಜದಿಂದ ಸಸಿಗೆ ದಾಟುವ ರೋಗಕಾರಕಕ್ಕೂ ವ್ಯತ್ಯಾಸವಿದೆ. ಬೀಜದ ಮೇಲೆ ಕುಳಿತು ಬಂದು, ಮೊಳಕೆಗೆ ಎಂದೂ ತಗಲದ ಸೂಕ್ಷ್ಮಜೀವಿಗಳೂ ಇವೆ. ಪಿಸಿಆರ್ ಈ ಎರಡನ್ನು ಬೇರ್ಪಡಿಸಲಾರದು. ಹಾಗೆಯೇ ರೋಗಕಾರಕ ಬೀಜದಲ್ಲಿ ಎಲ್ಲಿ ಅಡಗಿದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಗೋಧಿಯ ಬಿಡಿ ಕಾಡಿಗೆ ರೋಗದ ಶಿಲೀಂಧ್ರ ಭ್ರೂಣದೊಳಗೆ ತಂತುರೂಪದಲ್ಲಿ ಸುಪ್ತವಾಗಿರುತ್ತದೆ. ಲೆಟ್ಯೂಸ್ ಮೊಸಾಯಿಕ್ ವೈರಸ್ ಕೂಡ ಭ್ರೂಣವನ್ನು ಸೇರುತ್ತದೆ. ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಮುಖ್ಯವಾಗಿ ಬೀಜದ ಸಿಪ್ಪೆಯಲ್ಲಿರುತ್ತದೆ. ಗೋಧಿಯ ಕರ್ನಾಲ್ ಬಂಟ್ ಎಂಬ ಶಿಲೀಂಧ್ರ ರೋಗದ ಟೀಲಿಯೋಬೀಜಕಗಳು (ದಪ್ಪ ಗೋಡೆಯ ಬೀಜಕಗಳು) ಒಡೆದ ಕಾಳುಗಳಿಂದ ಹೊರಬಂದು ಆರೋಗ್ಯವಂತ ಕಾಳುಗಳ ಮೈಗೂ ಅಂಟಿಕೊಳ್ಳುತ್ತವೆ. ಮೇಲ್ಮೈಯನ್ನು ತೊಳೆದರೆ ಸಾಕೇ, ನೆನೆಸಬೇಕೇ, ಅರೆಯಲೇಬೇಕೇ ಎಂಬುದು ಈ ಮಾಹಿತಿಯಿಂದಲೇ ನಿರ್ಧಾರವಾಗುತ್ತದೆ.

ಎರಡನೆಯ ಹಂತ: ಮಾದರಿ ತೆಗೆಯುವುದು

ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಗೌರವ ಪಡೆಯುವ ಹಂತ ಇದು, ಆದರೆ ಅತಿ ಹೆಚ್ಚು ತಪ್ಪು ತೀರ್ಮಾನಗಳಿಗೆ ಬೀಜ ಬಿತ್ತುವ ಹಂತವೂ ಇದೇ. ಟನ್‌ಗಟ್ಟಲೆ ಬೀಜವಿರುವ ಲಾಟ್‌ನಿಂದ, ಅಂದರೆ ಒಂದೇ ಗುರುತಿನಡಿ ಬಂದ ಬೀಜದ ರಾಶಿಯಿಂದ, ಒಂದು ಹಿಡಿ ತೆಗೆದು, ಅದರಲ್ಲಿ ರೋಗಕಾರಕದ ಒಂದೇ ಒಂದು ಪ್ರತಿಯನ್ನು ಗುರುತಿಸಬಲ್ಲ ವಿಧಾನವನ್ನು ಬಳಸಿದರೂ, ಆ ಹಿಡಿಯಲ್ಲಿ ಸೋಂಕಿನ ಬೀಜವೇ ಇಲ್ಲದಿದ್ದರೆ ಫಲಿತಾಂಶ ಋಣಾತ್ಮಕವಾಗಿಯೇ ಬರುತ್ತದೆ.

ಲೆಕ್ಕ ಸರಳವಾಗಿದೆ. ಲಾಟ್‌ನಲ್ಲಿ ಸೋಂಕಿತ ಬೀಜಗಳ ಪಾಲು ಎಷ್ಟೆಂದು ಊಹಿಸಿಕೊಂಡು, ಆರಿಸಿದ ಬೀಜಗಳಲ್ಲಿ ಒಂದಾದರೂ ಸೋಂಕಿತವಾಗಿರುವ ಸಂಭವ ಎಷ್ಟೆಂದು ನೋಡಬೇಕು. 400 ಬೀಜಗಳನ್ನು ಪರೀಕ್ಷಿಸುವುದು ಬೀಜ ಆರೋಗ್ಯ ಪರೀಕ್ಷೆಯಲ್ಲಿ ಹಳೆಯ ರೂಢಿ. ಶೇ 1ರಷ್ಟು ಸೋಂಕಿದ್ದರೆ 400 ಬೀಜಗಳ ಮಾದರಿಯಲ್ಲಿ ಒಂದಾದರೂ ಸೋಂಕಿತ ಬೀಜ ಸಿಗುವ ಸಂಭವ ಸುಮಾರು ಶೇ 98. ಸೋಂಕು ಶೇ 0.1ಕ್ಕೆ ಇಳಿದರೆ ಅದೇ 400 ಬೀಜಗಳಲ್ಲಿ ಆ ಸಂಭವ ಶೇ 33ಕ್ಕೆ ಕುಸಿಯುತ್ತದೆ. ಅಂದರೆ ಮೂರರಲ್ಲಿ ಎರಡು ಸಲ ಸೋಂಕಿತ ಲಾಟ್ ನಿರಾತಂಕವಾಗಿ ದಾಟಿಹೋಗುತ್ತದೆ. ಶೇ 95ರ ಭರವಸೆ ಬೇಕಾದರೆ 3 ಎಂಬ ಸಂಖ್ಯೆಯನ್ನು ಸೋಂಕಿನ ಪಾಲಿನಿಂದ ಭಾಗಿಸಿದಷ್ಟು ಬೀಜ ಬೇಕೆಂದು ನೆನಪಿಟ್ಟುಕೊಂಡರೆ ಸಾಕು: ಸಾವಿರಕ್ಕೊಂದು ಸೋಂಕಿತ ಬೀಜವನ್ನು ಹಿಡಿಯಲು 3,000 ಬೀಜಗಳು, ಹತ್ತು ಸಾವಿರಕ್ಕೊಂದನ್ನು ಹಿಡಿಯಲು 30,000 ಬೀಜಗಳು.

ಈ ಸಂಖ್ಯೆಗಳು ಕೇವಲ ಪುಸ್ತಕದ ಲೆಕ್ಕವಲ್ಲ. ಎಲೆಕೋಸಿನ ಕಪ್ಪು ಕೊಳೆ ರೋಗದ ಬ್ಯಾಕ್ಟೀರಿಯಾವಾದ ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್‌ನ ಪರೀಕ್ಷೆಗೆ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘ, ಅಂದರೆ ಇಸ್ಟಾ, ಸೂಚಿಸುವುದು 30,000 ಬೀಜಗಳನ್ನು. ಅವನ್ನು 10,000ಕ್ಕೆ ಮೀರದ ಉಪಮಾದರಿಗಳಾಗಿ ವಿಂಗಡಿಸಬೇಕು. ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಬೆಳೆಗಾರರು ಲೆಟ್ಯೂಸ್ ಮೊಸಾಯಿಕ್ ವೈರಸ್‌ಗೆ ಇಟ್ಟುಕೊಂಡ ಮಿತಿ 30,000 ಬೀಜಗಳಲ್ಲಿ ಒಂದೂ ಸೋಂಕಿತವಾಗಿರಬಾರದು ಎಂಬುದು. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಸೋಂಕಿತ ಸಸಿ ಹುಟ್ಟಿದರೂ ಗಿಡಹೇನುಗಳು ವೈರಸ್ಸನ್ನು ಇಡೀ ಬೆಳೆಗೆ ಹರಡಿಬಿಡುತ್ತವೆ ಎಂಬುದೇ ಇಷ್ಟು ಕಠಿಣ ಮಿತಿಗೆ ಕಾರಣ.

ಬೀಜಗಳನ್ನು ಆರಿಸುವ ಕ್ರಮಕ್ಕೂ ನಿಯಮಗಳಿವೆ. ಸೋಂಕಿತ ಬೀಜಗಳು ಲಾಟ್‌ನಲ್ಲಿ ಸಮನಾಗಿ ಹರಡಿರುವುದಿಲ್ಲ. ಹೊಲದ ಒಂದು ಮೂಲೆಯ ರೋಗ ಕೆಲವೇ ಚೀಲಗಳಲ್ಲಿ ಗುಂಪಾಗಿ ಸೇರಿಕೊಂಡಿರಬಹುದು. 15ರಿಂದ 100 ಕಿಲೋ ತೂಕದ ಚೀಲಗಳಿರುವಾಗ ಇಸ್ಟಾ ನಿಯಮಗಳ ಪ್ರಕಾರ ನಾಲ್ಕರವರೆಗಿನ ಚೀಲಗಳಿದ್ದರೆ ಪ್ರತಿಯೊಂದರಿಂದ ಮೂರು, ಐದರಿಂದ ಎಂಟಿದ್ದರೆ ಎರಡು, ಒಂಬತ್ತರಿಂದ ಹದಿನೈದಿದ್ದರೆ ಒಂದೊಂದು ಪ್ರಾಥಮಿಕ ಮಾದರಿ ತೆಗೆಯಬೇಕು. ಅದಕ್ಕಿಂತ ಹೆಚ್ಚಿದ್ದು 30ರವರೆಗೆ ಒಟ್ಟು 15, 59ರವರೆಗೆ 20, ಮತ್ತು 60 ಅಥವಾ ಅದಕ್ಕೂ ಹೆಚ್ಚು ಚೀಲಗಳಿದ್ದರೆ ಒಟ್ಟು 30 ಪ್ರಾಥಮಿಕ ಮಾದರಿಗಳು ಬೇಕು. ಚೀಲದ ಮೇಲ್ಭಾಗ, ನಡುಭಾಗ, ತಳಭಾಗ ಮೂರನ್ನೂ ಮುಟ್ಟಬೇಕು. ಇವನ್ನೆಲ್ಲ ಬೆರೆಸಿ, ಕ್ರಮಬದ್ಧವಾಗಿ ಭಾಗಿಸಿ ಪ್ರಯೋಗಾಲಯದ ಮಾದರಿಯನ್ನು ಸಿದ್ಧಪಡಿಸಬೇಕು. ಒಂದು ಲಾಟ್‌ಗೆ ಬಳಸಿದ ಉಪಕರಣವನ್ನು ಸ್ವಚ್ಛಗೊಳಿಸದೆ ಮುಂದಿನ ಲಾಟ್‌ಗೆ ಬಳಸಿದರೆ ಆರೋಗ್ಯವಂತ ಲಾಟ್ ಸೋಂಕಿತವೆಂದು ಹಣೆಪಟ್ಟಿ ಹೊತ್ತೀತು. ಸಣ್ಣ ಲಾಟ್‌ಗಳಲ್ಲಿ, ಅದರಲ್ಲೂ ತಳಿ ಅಭಿವೃದ್ಧಿಗಾಗಿ ಬರುವ ಬೆಲೆಬಾಳುವ ಕೆಲವೇ ಬೀಜಗಳಲ್ಲಿ, ಮೇಲಿನ ಸಂಖ್ಯೆಗಳು ಸಾಧ್ಯವಾಗುವುದಿಲ್ಲ. ಅಲ್ಲಿ ಬೀಜವನ್ನು ಪ್ರತ್ಯೇಕ ಆವರಣದಲ್ಲಿ ಬೆಳೆಸಿ ಸಸಿಯ ಎಲೆಯನ್ನು ಪರೀಕ್ಷಿಸುವುದೇ ಸರಿಯಾದ ದಾರಿ.

ಮೂರನೆಯ ಹಂತ: ಬೀಜವನ್ನು ಸಿದ್ಧಗೊಳಿಸುವುದು

ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಬೀಜವನ್ನು ಲವಣಯುಕ್ತ ದ್ರಾವಣದಲ್ಲಿ ಅಥವಾ ಫಾಸ್ಫೇಟ್ ಬಫರ್‌ನಲ್ಲಿ, ಟ್ವೀನ್-20 ಎಂಬ ಮಾರ್ಜಕವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ಕುಲುಕುತ್ತ ನೆನೆಸಲಾಗುತ್ತದೆ. ನಂತರ ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳದಲ್ಲಿ ಕುಳಿತ ಕೋಶಗಳನ್ನು ಸಂಗ್ರಹಿಸುತ್ತಾರೆ. ಸಿಪ್ಪೆಯ ಒಳಗೆ ಆಳದಲ್ಲಿರುವ ವೈರಸ್ ಮತ್ತು ವೈರಾಯ್ಡ್‌ಗಳಿಗೆ (ಬರಿಯ ಆರ್‌ಎನ್‌ಎಯಿಂದಾದ ರೋಗಕಾರಕಗಳಿಗೆ) ಅರೆಯುವುದೇ ಬೇಕು. ಕರ್ನಾಲ್ ಬಂಟ್‌ಗೆ ಕ್ರಮವೇ ಬೇರೆ: 50 ಗ್ರಾಂ ಗೋಧಿಯನ್ನು ತೊಳೆದ ನೀರನ್ನು ಮೊದಲು 53 ಮೈಕ್ರೋಮೀಟರ್, ಆಮೇಲೆ 20 ಮೈಕ್ರೋಮೀಟರ್ ರಂಧ್ರಗಳ ಜರಡಿಗಳ ಮೂಲಕ ಹಾಯಿಸಿದರೆ ಕಸ ಮೇಲಿನದರಲ್ಲಿಯೂ ಟೀಲಿಯೋಬೀಜಕಗಳು ಕೆಳಗಿನದರಲ್ಲಿಯೂ ಉಳಿಯುತ್ತವೆ.

ಅರೆಯುವಾಗ ಏಳುವ ಧೂಳು ಅಪಾಯಕಾರಿ. ಒಂದು ಸೋಂಕಿತ ಮಾದರಿಯ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಮಾದರಿಗೆ ಬಿದ್ದರೆ, ಮುಂದಿನ ಎಲ್ಲ ಹಂತಗಳು ನಿರ್ದೋಷವಾಗಿದ್ದರೂ ಫಲಿತಾಂಶ ಕೆಡುತ್ತದೆ. ಸಾಧ್ಯವಾದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಗಟ್ಟಿ ಚೀಲಗಳಲ್ಲಿ ಬಫರ್ ಸೇರಿಸಿಯೇ ಜಜ್ಜುವುದು ಒಳ್ಳೆಯದು. ಶಿಲೀಂಧ್ರನಾಶಕ, ಬಣ್ಣ ಅಥವಾ ಲೇಪನ ಹಚ್ಚಿದ ಬೀಜ ಬಂದರೆ ಅದನ್ನು ದಾಖಲಿಸಬೇಕು, ಏಕೆಂದರೆ ಈ ವಸ್ತುಗಳು ಪಿಸಿಆರ್ ಕಿಣ್ವವನ್ನು ತಡೆಯುತ್ತವೆ; ಜೊತೆಗೆ ಸೋಂಕನ್ನು ಬೆಳೆಮಾಧ್ಯಮದಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಪೋಷಕ ಪದಾರ್ಥದಲ್ಲಿ) ಬೆಳೆಸಿ ದೃಢಪಡಿಸುವ ಅವಕಾಶವನ್ನೂ ಕಸಿದುಕೊಳ್ಳುತ್ತವೆ. ಪರೀಕ್ಷೆಗೆ ಉಪಚರಿಸದ ಬೀಜವನ್ನೇ ಕೇಳಿ ಪಡೆಯುವುದು ಉತ್ತಮ.

ನಾಲ್ಕನೆಯ ಹಂತ: ನ್ಯೂಕ್ಲಿಯಿಕ್ ಆಮ್ಲವನ್ನು ಬೇರ್ಪಡಿಸುವುದು

ಎಲೆಗಿಂತ ಬೀಜ ಕಷ್ಟದ ವಸ್ತು. ಅದರಲ್ಲಿ ಪಿಷ್ಟ, ಎಣ್ಣೆ, ಪ್ರೋಟೀನ್ ತುಂಬಿರುತ್ತವೆ, ಸಿಪ್ಪೆಯಲ್ಲಿ ಪಾಲಿಫೀನಾಲ್‌ಗಳಿರುತ್ತವೆ. ಇವೆಲ್ಲ ಡಿಎನ್‌ಎಯೊಂದಿಗೆ ಅಂಟಿಕೊಂಡು ಬಂದು ಪಿಸಿಆರನ್ನು ತಡೆಯುತ್ತವೆ. ಸಿಟಿಎಬಿ ಎಂಬ ಮಾರ್ಜಕವನ್ನು ಹೆಚ್ಚು ಉಪ್ಪಿನ ಬಫರ್‌ನಲ್ಲಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಳಸುವ ಹಳೆಯ ವಿಧಾನ ಇಂದಿಗೂ ಉಳಿದುಕೊಂಡಿರುವುದಕ್ಕೆ ಕಾರಣ, ಅದು ಪಾಲಿಸ್ಯಾಕರೈಡ್‌ಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದು. ಪಾಲಿಫೀನಾಲ್‌ಗಳನ್ನು ಹಿಡಿದಿಡಲು ಪಿವಿಪಿ ಎಂಬ ಪಾಲಿಮರ್ ಸೇರಿಸುತ್ತಾರೆ. ಸಿಲಿಕಾ ಪೊರೆಯ ಅಥವಾ ಕಾಂತೀಯ ಮಣಿಗಳ ಕಿಟ್‌ಗಳು ವೇಗವಾಗಿವೆ, ಮಾದರಿಗಳ ಸಂಖ್ಯೆ ಹೆಚ್ಚಿರುವಲ್ಲಿ ಅನಿವಾರ್ಯವೂ ಹೌದು. ಆರ್‌ಎನ್‌ಎ ಬೇರ್ಪಡಿಸುವಾಗ ಅದನ್ನು ತುಂಡರಿಸುವ ಕಿಣ್ವಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಇಲ್ಲಿ ಒಂದು ಲೆಕ್ಕವನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಕೂತು ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. 1,000 ಬೀಜಗಳನ್ನು 20 ಮಿಲಿಲೀಟರ್ ಬಫರ್‌ನಲ್ಲಿ ಅರೆದಿರಿ ಎಂದುಕೊಳ್ಳಿ. ಅದರಲ್ಲಿ 200 ಮೈಕ್ರೋಲೀಟರನ್ನು ಮಾತ್ರ ಬೇರ್ಪಡಿಸುವಿಕೆಗೆ ತೆಗೆದುಕೊಂಡರೆ ಮೂಲದ ನೂರರಲ್ಲಿ ಒಂದು ಭಾಗ ಉಳಿಯಿತು. ಕೊನೆಗೆ 100 ಮೈಕ್ರೋಲೀಟರ್ ದ್ರಾವಣ ದೊರೆತು, ಅದರಲ್ಲಿ 2 ಮೈಕ್ರೋಲೀಟರ್ ಪಿಸಿಆರ್‌ಗೆ ಹೋದರೆ ಅದು ಐವತ್ತರಲ್ಲಿ ಒಂದು ಭಾಗ. ಒಟ್ಟಾರೆ ಮೂಲದ ಐದು ಸಾವಿರದಲ್ಲಿ ಒಂದು ಭಾಗ ಮಾತ್ರ ನಳಿಕೆಯನ್ನು ತಲುಪಿತು. ಪ್ರತಿಕ್ರಿಯೆ ಎಷ್ಟೇ ಪರಿಪೂರ್ಣವಾಗಿದ್ದರೂ ಶೇ 95ರ ಭರವಸೆಯಿಂದ ಪತ್ತೆಹಚ್ಚಲು ನಳಿಕೆಗೆ ಸರಾಸರಿ 3 ಪ್ರತಿಗಳಾದರೂ ಬೀಳಬೇಕು. ಬೀಜಗಳ ಸಂಖ್ಯೆಯನ್ನು ನಿರ್ಧರಿಸಿದ ಸಂಭವನೀಯತೆಯೇ ಇಲ್ಲಿಯೂ ಆಳುತ್ತದೆ. ಹಾಗಾದರೆ ಆ ಸಾವಿರದಲ್ಲಿದ್ದ ಏಕೈಕ ಸೋಂಕಿತ ಬೀಜದಲ್ಲಿ, ನಷ್ಟವೇ ಇಲ್ಲದೆ ಬೇರ್ಪಡಿಸಿದರೂ, ಕನಿಷ್ಠ 15,000 ಪ್ರತಿಗಳಿರಬೇಕು. ವೈರಸ್ ಹೇರಳವಾಗಿರುವ ಬೀಜದಲ್ಲಿ ಇದು ತೊಡಕಲ್ಲ. ಕೆಲವೇ ಬ್ಯಾಕ್ಟೀರಿಯಾ ಕೋಶಗಳಿರುವ ಬೀಜದಲ್ಲಿ ಇದು ಸೋಲು. ಆದ್ದರಿಂದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ದ್ರವವನ್ನು ಸಾಂದ್ರಗೊಳಿಸುವ ಅಥವಾ ಬೆಳೆಮಾಧ್ಯಮದಲ್ಲಿ ಮೊದಲು ವೃದ್ಧಿಸುವ ಹಂತವನ್ನು ಬಿಡಬಾರದು.

ಐದನೆಯ ಹಂತ: ವಿಧಾನವನ್ನೂ ಗುರಿಯನ್ನೂ ಆರಿಸುವುದು

ಪ್ರತಿಗಳು ಹೆಚ್ಚುತ್ತಿರುವಾಗಲೇ ಅವನ್ನು ಬೆಳಕಿನ ಸಂಕೇತದಿಂದ ಅಳೆಯುವ ನೈಜಸಮಯದ ಪಿಸಿಆರ್ ಇಂದು ಕ್ವಾರಂಟೈನ್‌ನ ಮುಖ್ಯ ಆಧಾರ. ಗುರಿಯ ಎರಡು ತುದಿಗಳಿಗೆ ಅಂಟಿ ಪ್ರತಿಕ್ರಿಯೆ ಆರಂಭಿಸುವ ಎರಡು ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳ ಜೊತೆಗೆ ಮೂರನೆಯ ತುಣುಕಾದ ಪ್ರೋಬ್ ಕೂಡ ಗುರಿಗೆ ಹೊಂದಿಕೊಂಡರೆ ಮಾತ್ರ ಬೆಳಕಿನ ಸಂಕೇತ ಬರುವುದರಿಂದ ತಪ್ಪು ಸಂಕೇತ ಕಡಿಮೆ; ಕೊಳವೆಯನ್ನು ತೆರೆಯುವ ಅಗತ್ಯವಿಲ್ಲದ್ದರಿಂದ ಕಲುಷಿತವಾಗುವ ಸಂಭವವೂ ಕಡಿಮೆ. ಜೆಲ್ ಮೇಲೆ ಪಟ್ಟಿ ನೋಡುವ ಸಾಂಪ್ರದಾಯಿಕ ಪಿಸಿಆರ್ ಈಗಲೂ ಉಪಯುಕ್ತ, ಮುಖ್ಯವಾಗಿ ಪಟ್ಟಿಯನ್ನು ಕತ್ತರಿಸಿ ಅನುಕ್ರಮ (ಡಿಎನ್‌ಎಯ ಅಕ್ಷರಗಳ ಸಾಲು) ಓದಿಸಬೇಕಾದಾಗ. 2000ದಲ್ಲಿ ಪ್ರಕಟವಾದ ಲ್ಯಾಂಪ್ ವಿಧಾನ 60ರಿಂದ 65 ಡಿಗ್ರಿಯ ಒಂದೇ ಉಷ್ಣತೆಯಲ್ಲಿ ನಡೆಯುತ್ತದೆ, ದುಬಾರಿ ಯಂತ್ರ ಬೇಡುವುದಿಲ್ಲ, ಬಂದರಿನಲ್ಲಿಯೇ ಮೊದಲ ಜರಡಿಯಾಗಿ ಬಳಸಬಹುದು. ಅದು ಉತ್ಪಾದಿಸುವ ಡಿಎನ್‌ಎ ಪ್ರಮಾಣ ಬಹಳ ಹೆಚ್ಚಾದ್ದರಿಂದ ಪ್ರತಿಕ್ರಿಯೆ ಮುಗಿದ ನಳಿಕೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಡಿಜಿಟಲ್ ಪಿಸಿಆರ್ ತಡೆಕಗಳನ್ನು (ಪ್ರತಿಕ್ರಿಯೆಗೆ ಅಡ್ಡಿಯಾಗುವ ವಸ್ತುಗಳನ್ನು) ಹೆಚ್ಚು ಸಹಿಸಿಕೊಳ್ಳುತ್ತದೆ ಮತ್ತು ಹೋಲಿಕೆಯ ರೇಖೆಯಿಲ್ಲದೆ ಪ್ರತಿಗಳನ್ನು ಎಣಿಸುತ್ತದೆ.

ವೈರಾಯ್ಡ್‌ಗಳ ವಿಷಯದಲ್ಲಿ ಆಯ್ಕೆಯೇ ಇಲ್ಲ. ಥಿಯೋಡರ್ ಡೀನರ್ 1971ರಲ್ಲಿ ವಿವರಿಸಿದ ಆಲೂಗಡ್ಡೆಯ ಸ್ಪಿಂಡಲ್ ಟ್ಯೂಬರ್ ವೈರಾಯ್ಡ್ ಸುಮಾರು 359 ನ್ಯೂಕ್ಲಿಯೋಟೈಡ್‌ಗಳ ಬರಿಯ ಆರ್‌ಎನ್‌ಎ ಉಂಗುರ. ಅದಕ್ಕೆ ಪ್ರೋಟೀನ್ ಕವಚವಿಲ್ಲ, ಆದ್ದರಿಂದ ಪ್ರೋಟೀನನ್ನು ಪ್ರತಿಕಾಯಗಳಿಂದ ಗುರುತಿಸುವ ಎಲೈಸಾ ಪರೀಕ್ಷೆ ಅದನ್ನು ಕಾಣಲಾರದು.

ಗುರಿ ಜೀನಿನ ಆಯ್ಕೆಯಲ್ಲಿ ಅವಸರ ಕೂಡದು. ಶಿಲೀಂಧ್ರಗಳಿಗೆ ಐಟಿಎಸ್ ಎಂಬ ಡಿಎನ್‌ಎ ಪ್ರದೇಶ, ಬ್ಯಾಕ್ಟೀರಿಯಾಗಳಿಗೆ 16ಎಸ್ ಜೀನ್ ಎಂಬ ಸಿದ್ಧ ಸೂತ್ರ ಕ್ವಾರಂಟೈನ್‌ಗೆ ಸಾಲದು. ಫ್ಯುಸೇರಿಯಂ ಶಿಲೀಂಧ್ರದ ಪ್ರಭೇದಗಳನ್ನು ಬೇರ್ಪಡಿಸಲು ಟಿಇಎಫ್1 ಜೀನ್, ಕ್ಸಾಂಥೋಮೊನಾಸ್‌ಗಳಿಗೆ ಜಿವೈಆರ್‌ಬಿ ಜೀನ್ ಹೆಚ್ಚು ವಿಶ್ವಾಸಾರ್ಹ. ಕರ್ನಾಲ್ ಬಂಟ್‌ನ ಕಥೆ ಇದಕ್ಕೆ ಒಳ್ಳೆಯ ಪಾಠ. 1996ರಲ್ಲಿ ಅಮೆರಿಕದ ಆರಿಜೋನಾದಲ್ಲಿ ಈ ರೋಗ ಪತ್ತೆಯಾದ ಮೇಲೆ ನಡೆದ ವ್ಯಾಪಕ ತಪಾಸಣೆಯಲ್ಲಿ ಆಗ್ನೇಯ ರಾಜ್ಯಗಳ ಗೋಧಿ ಮಾದರಿಗಳಲ್ಲಿಯೂ ಅದೇ ರೀತಿಯ ಬೀಜಕಗಳು ಕಂಡವು. ಮುಂದಿನ ಅಧ್ಯಯನಗಳಿಂದ ಅವು ರೈಗ್ರಾಸ್ ಹುಲ್ಲಿನ ಮೇಲೆ ಬದುಕುವ ಬೇರೆ ಶಿಲೀಂಧ್ರದವು ಎಂದು ಗೊತ್ತಾಯಿತು. 1999ರಲ್ಲಿ ಅದನ್ನು ಟಿಲೇಷಿಯಾ ವಾಕೇರಿ ಎಂಬ ಹೊಸ ಪ್ರಭೇದವಾಗಿ ವಿವರಿಸಲಾಯಿತು. ಎರಡನ್ನೂ ಬೇರ್ಪಡಿಸಲು ಐಟಿಎಸ್‌ಗಿಂತ ಮೈಟೋಕಾಂಡ್ರಿಯಾದ ಡಿಎನ್‌ಎ ಭಾಗ ನೆರವಾಯಿತು. ಒಂದು ಹುಲ್ಲಿನ ಬೀಜಕದಿಂದ ರೈತರ ಗೋಧಿ ಮಾರುಕಟ್ಟೆ ಮುಚ್ಚಿಹೋಗುವಷ್ಟು ಗಂಭೀರವಾದ ಪರಿಣಾಮ ಈ ಆಯ್ಕೆಗೆ ಇದೆ ಎಂಬುದನ್ನು ಪ್ರೈಮರ್ ವಿನ್ಯಾಸ ಮಾಡುವವರು ಮರೆಯಬಾರದು.

ತದ್ವಿರುದ್ಧದ ತಪ್ಪೂ ಆಗುತ್ತದೆ. ಕಲ್ಲಂಗಡಿ ಮತ್ತು ಕರಬೂಜದ ಹಣ್ಣಿನ ಮಚ್ಚೆ ರೋಗ ತರುವ ಅಸಿಡೋವೊರಾಕ್ಸ್ ಸಿಟ್ರುಲ್ಲಿಯಲ್ಲಿ ಎರಡು ಪ್ರಮುಖ ಗುಂಪುಗಳಿವೆ. ಒಂದೇ ಗುಂಪಿನ ತಳಿಗಳ ಮೇಲೆ ಪರೀಕ್ಷಿಸಿದ ಪ್ರೈಮರ್ ಇನ್ನೊಂದನ್ನು ಬಿಟ್ಟುಬಿಡಬಹುದು. ದತ್ತಾಂಶ ಸಂಗ್ರಹದಲ್ಲಿ ಅನುಕ್ರಮಗಳನ್ನು ಹೋಲಿಸಿ ನೋಡುವುದರ ಜೊತೆಗೆ, ಬೇರೆ ಬೇರೆ ಪ್ರದೇಶಗಳಿಂದ ಬಂದ ತಳಿಗಳ ಮೇಲೆಯೂ ಹತ್ತಿರದ ಬಂಧುಗಳ ಮೇಲೆಯೂ ಪ್ರಯೋಗ ಮಾಡಿ ನೋಡಬೇಕು.

ಹೊಸ ತಲೆಮಾರಿನ ಅನುಕ್ರಮ ತಂತ್ರಜ್ಞಾನ ಏನನ್ನು ಹುಡುಕುತ್ತಿದ್ದೇವೆಂದು ಮೊದಲೇ ತಿಳಿಯದಿದ್ದರೂ ಎಲ್ಲವನ್ನೂ ಓದಿ ಹೇಳುತ್ತದೆ. ಅದು ಅಪರಿಚಿತ ವೈರಸ್‌ಗಳನ್ನೂ ತೋರಿಸುವುದರಿಂದ, ಯಾವ ಅಪಾಯವೂ ಇಲ್ಲದ ಹೊಸ ಅನುಕ್ರಮವೊಂದರ ಕಾರಣಕ್ಕೆ ಬೀಜವನ್ನು ತಡೆಹಿಡಿಯುವ ಪ್ರಮೇಯ ಬರಬಹುದು. ಅದನ್ನು ಸುಳಿವಾಗಿ ಸ್ವೀಕರಿಸಿ, ನಿರ್ದಿಷ್ಟ ಪರೀಕ್ಷೆಯಿಂದ ದೃಢಪಡಿಸಿಕೊಂಡ ಮೇಲೆಯೇ ಮುಂದಿನ ಕ್ರಮ ಕೈಗೊಳ್ಳಬೇಕು.

ಆರನೆಯ ಹಂತ: ನಿಮ್ಮ ಪ್ರಯೋಗಾಲಯದಲ್ಲಿಯೇ ಪರೀಕ್ಷೆಯನ್ನು ಪರೀಕ್ಷಿಸುವುದು

ಬೇರೆಡೆ ಚೆನ್ನಾಗಿ ನಡೆದ ವಿಧಾನ ನಿಮ್ಮ ಯಂತ್ರದಲ್ಲಿ, ನಿಮ್ಮ ಕಿಣ್ವದೊಂದಿಗೆ, ನಿಮ್ಮ ಬೀಜದ ಮೇಲೆ ಹಾಗೆಯೇ ನಡೆಯುತ್ತದೆಂದು ಭಾವಿಸಬಾರದು. ಗೊತ್ತಿರುವ ಪ್ರಮಾಣದ ಗುರಿಯನ್ನು ಹತ್ತು ಪಟ್ಟು ಇಳಿಸುತ್ತ ಹೋಗಿ ಪ್ರಮಾಣ ರೇಖೆ (ಗುರಿಯ ಪ್ರಮಾಣದ ಲಾಗರಿದಮ್‌ಗೆ ಎದುರಾಗಿ ಸಂಕೇತ ಬಂದ ಚಕ್ರದ ಸಂಖ್ಯೆಯನ್ನು ತೋರಿಸುವ ಗೆರೆ) ಎಳೆದರೆ, ಅದರ ಇಳಿಜಾರು ಆದರ್ಶ ಸ್ಥಿತಿಯಲ್ಲಿ ಋಣ 3.32 ಆಗಿರುತ್ತದೆ, ಋಣ 3.1ರಿಂದ ಋಣ 3.6ರ ನಡುವೆ ಇದ್ದರೆ ದಕ್ಷತೆ ಸ್ವೀಕಾರಾರ್ಹ. ಶುದ್ಧ ಡಿಎನ್‌ಎಯ ಮೇಲೆ ಮಾತ್ರ ಈ ಕೆಲಸ ಮಾಡಿ ತೃಪ್ತರಾಗಬೇಡಿ. 999 ಆರೋಗ್ಯವಂತ ಬೀಜಗಳಿಗೆ ಒಂದೇ ಒಂದು ಸೋಂಕಿತ ಬೀಜವನ್ನು ಬೆರೆಸಿ, ಅರೆಯುವುದರಿಂದ ಕೊನೆಯವರೆಗೆ ಎಲ್ಲವನ್ನೂ ನಡೆಸಿ, ಇದನ್ನು ಹಲವು ಬಾರಿ ಪುನರಾವರ್ತಿಸಿ, ಎಷ್ಟು ಬಾರಿ ಪತ್ತೆಯಾಯಿತೆಂದು ನೋಡಬೇಕು. ಉಪಮಾದರಿಯಲ್ಲಿ ಎಷ್ಟು ಬೀಜ ಇರಬಹುದೆಂಬುದನ್ನು ನಿರ್ಧರಿಸುವ ಪ್ರಾಮಾಣಿಕವಾದ ಪರೀಕ್ಷೆ ಇದು.

ಏಳನೆಯ ಹಂತ: ನಿಯಂತ್ರಣಗಳು ಮತ್ತು ಸ್ವಚ್ಛತೆ

ಪ್ರತಿಯೊಂದು ಬಾರಿಯೂ ನಾಲ್ಕು ಬಗೆಯ ನಿಯಂತ್ರಣಗಳು ಬೇಕು. ಸೋಂಕಿತವೆಂದು ಗೊತ್ತಿರುವ ಬೀಜ ಅರೆಯುವ ಹಂತದಿಂದಲೇ ಜೊತೆಗೆ ಸಾಗಬೇಕು. ಆರೋಗ್ಯವಂತ ಬೀಜದ ಅಥವಾ ಬರಿಯ ಬಫರ್‌ನ ಒಂದು ನಳಿಕೆ ಬೇರ್ಪಡಿಸುವಿಕೆಯ ಉದ್ದಕ್ಕೂ ಇರಬೇಕು. ಪಿಸಿಆರ್ ತಟ್ಟೆಯಲ್ಲಿ ನೀರು ಮಾತ್ರ ಹಾಕಿದ ಗುಂಡಿಗಳಿರಬೇಕು. ನಾಲ್ಕನೆಯದು ಆಂತರಿಕ ನಿಯಂತ್ರಣ: ಸಸ್ಯದ್ದೇ ಜೀನೊಂದನ್ನು ಅಥವಾ ನಾವೇ ಸೇರಿಸಿದ ಪರಕೀಯ ತುಣುಕನ್ನು ಅದೇ ನಳಿಕೆಯಲ್ಲಿ ಪತ್ತೆಹಚ್ಚುವುದು. ಇದಿಲ್ಲದೆ ಬಂದ ಋಣಾತ್ಮಕ ಫಲಿತಾಂಶಕ್ಕೆ ಅರ್ಥವಿಲ್ಲ, ಏಕೆಂದರೆ ರೋಗಕಾರಕ ಇಲ್ಲದ್ದರಿಂದ ಸಂಕೇತ ಬರಲಿಲ್ಲವೋ, ತಡೆಕಗಳಿಂದ ಪ್ರತಿಕ್ರಿಯೆಯೇ ನಡೆಯಲಿಲ್ಲವೋ ಹೇಳಲಾಗುವುದಿಲ್ಲ. ಆಂತರಿಕ ಸಂಕೇತ ತಡವಾಗಿ ಬಂದರೆ ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿ, ಅಥವಾ ತಡೆಕಗಳನ್ನು ಹಿಡಿದಿಡುವ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ, ಮತ್ತೆ ನಡೆಸಿ.

ಪಿಸಿಆರ್ ಮಿಶ್ರಣ ತಯಾರಿಸುವ ಕೋಣೆ, ಮಾದರಿ ಸೇರಿಸುವ ಕೋಣೆ, ವರ್ಧಿಸಿದ ಡಿಎನ್‌ಎಯನ್ನು ನೋಡುವ ಕೋಣೆ ಮೂರೂ ಬೇರೆಯಾಗಿರಬೇಕು. ಜನರೂ ವಸ್ತುಗಳೂ ಮೊದಲನೆಯದರಿಂದ ಮೂರನೆಯದರತ್ತ ಮಾತ್ರ ಸಾಗಬೇಕು, ಹಿಂದಿರುಗಬಾರದು. ಫಿಲ್ಟರ್ ಇರುವ ಪಿಪೆಟ್ ಟಿಪ್‌ಗಳನ್ನೇ ಬಳಸಿ. ಶೇ 70ರ ಆಲ್ಕೋಹಾಲ್ ಮೇಜನ್ನು ಸೂಕ್ಷ್ಮಜೀವಿಗಳಿಂದ ಮುಕ್ತಗೊಳಿಸೀತು, ಆದರೆ ಡಿಎನ್‌ಎಯನ್ನು ನಾಶಮಾಡುವುದಿಲ್ಲ. ಅದಕ್ಕೆ ಆಗತಾನೆ ತಯಾರಿಸಿದ ಹೈಪೋಕ್ಲೋರೈಟ್ ದ್ರಾವಣವೇ ಬೇಕು.

ಎಂಟನೆಯ ಹಂತ: ಫಲಿತಾಂಶ ಓದುವುದು

ಸಿಟಿ ಮೌಲ್ಯ, ಅಂದರೆ ಎಷ್ಟನೆಯ ಚಕ್ರದಲ್ಲಿ ಸಂಕೇತ ಮಿತಿಯನ್ನು ದಾಟಿತು ಎಂಬ ಸಂಖ್ಯೆ, ಕಡಿಮೆಯಾದಷ್ಟೂ ಗುರಿಯ ಪ್ರಮಾಣ ಹೆಚ್ಚು. 20ರ ಆಸುಪಾಸಿನ ಮೌಲ್ಯ ಬಂದರೆ ಓದುವುದು ಸುಲಭ. ಕಷ್ಟ ಇರುವುದು 35ರ ಆಚೆಯ ತಡವಾದ ರೇಖೆಗಳಲ್ಲಿ. ಅಲ್ಪ ಸೋಂಕು, ಕಲುಷಿತ ನಳಿಕೆ, ಪ್ರೋಬ್‌ನ ಸಹಜ ಕ್ಷಯ ಇವೆಲ್ಲ ಅಲ್ಲಿ ಒಂದೇ ರೀತಿ ಕಾಣಬಹುದು. ರೇಖೆಯ ಆಕಾರವನ್ನು ಕಣ್ಣಾರೆ ನೋಡಬೇಕು; ಯಂತ್ರ ಮುದ್ರಿಸಿದ ಸಂಖ್ಯೆಯನ್ನಷ್ಟೇ ನಂಬಬಾರದು. ನಿಮ್ಮದೇ ಮಾನ್ಯೀಕರಣದಿಂದ (ಆರನೆಯ ಹಂತದ ಪರೀಕ್ಷೆಯಿಂದ) ನಿರ್ಧರಿಸಿದ ಮಿತಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು, ಫಲಿತಾಂಶ ಕಂಡ ಮೇಲೆ ಅದನ್ನು ಬದಲಿಸಬಾರದು. ಸಂಶಯಾಸ್ಪದವಾದುದನ್ನು ಬೇರೊಂದು ಜೀನನ್ನು ಗುರಿಯಾಗಿಸಿದ ಎರಡನೆಯ ಪರೀಕ್ಷೆಯಿಂದ, ಉಳಿದ ಬೀಜದಿಂದಲೇ ಹೊಸದಾಗಿ ಬೇರ್ಪಡಿಸಿದ ದ್ರಾವಣದ ಮೇಲೆ, ಮತ್ತೆ ನೋಡಬೇಕು.

ಹಲವು ಉಪಮಾದರಿಗಳಿದ್ದರೆ ಸೋಂಕಿನ ಪ್ರಮಾಣವನ್ನೂ ಅಂದಾಜಿಸಬಹುದು. 100 ಬೀಜಗಳ 10 ಉಪಮಾದರಿಗಳಲ್ಲಿ 3 ಧನಾತ್ಮಕವಾದರೆ ಲಾಟ್‌ನ ಸೋಂಕು ಸುಮಾರು ಶೇ 0.36 ಎಂದಾಗುತ್ತದೆ.

ಒಂಬತ್ತನೆಯ ಹಂತ: ಜೀವಂತವೇ, ರೋಗ ತರಬಲ್ಲದೇ

ಬಿಸಿನೀರಿನಲ್ಲಿ ಅಥವಾ ಕ್ಲೋರಿನ್‌ನಲ್ಲಿ ಉಪಚರಿಸಿದ ಬೀಜದ ಮೇಲೆ ಸತ್ತ ಬ್ಯಾಕ್ಟೀರಿಯಾಗಳ ಡಿಎನ್‌ಎ ಉಳಿದುಕೊಂಡಿರುತ್ತದೆ, ಮತ್ತು ಪಿಸಿಆರ್ ಅದನ್ನೂ ಪತ್ತೆಹಚ್ಚುತ್ತದೆ. ಬೀಜವನ್ನು ಶ್ರದ್ಧೆಯಿಂದ ಉಪಚರಿಸಿದ ಬೆಳೆಗಾರನ ಲಾಟ್ ಈ ಕಾರಣಕ್ಕೆ ನಾಶವಾದರೆ ಅದು ಅನ್ಯಾಯ. ಆದ್ದರಿಂದ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಪಿಸಿಆರ್ ಧನಾತ್ಮಕವಾದ ಕೂಡಲೇ ಅರೆಆಯ್ಕೆಯ (ಬೇರೆ ಸೂಕ್ಷ್ಮಜೀವಿಗಳನ್ನು ಬಹುಮಟ್ಟಿಗೆ ತಡೆಯುವ) ಬೆಳೆಮಾಧ್ಯಮದಲ್ಲಿ ಬೆಳೆಸಿ, ಅಲ್ಲಿ ಮೂಡಿದ ಬ್ಯಾಕ್ಟೀರಿಯಾದ ಗುಂಪನ್ನು, ಅಂದರೆ ವಸಾಹತುವನ್ನು, ಶುದ್ಧಗೊಳಿಸಿ, ಅದರ ಗುರುತನ್ನು ದೃಢಪಡಿಸಿ, ಆತಿಥೇಯ ಸಸಿಗೆ ಚುಚ್ಚಿ ರೋಗಲಕ್ಷಣ ಬರುತ್ತದೆಯೇ ಎಂದು ನೋಡುವುದು ಸರಿಯಾದ ಕ್ರಮ. ಬೆಳೆಸಿದ ಮೇಲೆಯೇ ಪಿಸಿಆರ್ ಮಾಡುವ ಬಯೋ-ಪಿಸಿಆರ್ ವಿಧಾನದಲ್ಲಿ ಸಂಕೇತ ಬಹುಪಾಲು ಜೀವಂತ ಕೋಶಗಳಿಂದಲೇ ಬರುತ್ತದೆ.

ಪಿಎಂಎ ಎಂಬ ಬಣ್ಣ ಪೊರೆ ಹರಿದ ಕೋಶಗಳನ್ನು ಮಾತ್ರ ಹೊಕ್ಕು, ಬೆಳಕು ಬಿದ್ದಾಗ ಅಲ್ಲಿನ ಡಿಎನ್‌ಎಗೆ ಅಂಟಿಕೊಂಡು ಅದು ವರ್ಧಿಸದಂತೆ ಮಾಡುತ್ತದೆ. ಶಾಖದಿಂದ ಸತ್ತ ಕೋಶಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಪೊರೆಗೆ ಹಾನಿ ಮಾಡದೆ ಕೊಲ್ಲುವ ಉಪಚಾರವಾದರೆ ಅದು ಸತ್ತ ಕೋಶಗಳನ್ನೂ ಜೀವಂತವೆಂದೇ ತೋರಿಸುತ್ತದೆ. ವೈರಸ್‌ಗಳಿಗೆ ಸೂಚಕ ಸಸ್ಯಗಳ ಎಲೆಗೆ ಉಜ್ಜಿ ನೋಡುವ ಜೈವಿಕ ಪರೀಕ್ಷೆಗೆ ಇಂದಿಗೂ ಪರ್ಯಾಯವಿಲ್ಲ. ಟೊಮೆಟೊ ಬೀಜದ ಟೊಬಾಮೊವೈರಸ್‌ಗಳಿಗೆ ತಂಬಾಕಿನ ಎಲೆಯ ಮೇಲೆ ಮೂಡುವ ಚುಕ್ಕೆಗಳನ್ನು ನೋಡುವ ವಿಧಾನ ಇಸ್ಟಾದ ಪಟ್ಟಿಯಲ್ಲಿಯೂ ಇದೆ.

ಹತ್ತನೆಯ ಹಂತ: ವರದಿ

‘ಬೀಜ ರೋಗಮುಕ್ತ’ ಎಂದು ಬರೆಯುವ ಹಕ್ಕು ಯಾವ ಪರೀಕ್ಷೆಗೂ ಇಲ್ಲ. ವರದಿಯ ವಾಕ್ಯ ಹೀಗಿರಲಿ: ‘1,000ದಂತೆ ಮೂರು ಉಪಮಾದರಿಗಳಲ್ಲಿ ಒಟ್ಟು 3,000 ಬೀಜಗಳನ್ನು ಪರೀಕ್ಷಿಸಲಾಗಿದ್ದು, ರೋಗಕಾರಕ ಪತ್ತೆಯಾಗಿಲ್ಲ, ಲಾಟ್‌ನಲ್ಲಿ ಸೋಂಕು ಶೇ 0.1 ಅಥವಾ ಹೆಚ್ಚಿದ್ದಲ್ಲಿ ಅದು ಪತ್ತೆಯಾಗುವ ಸಂಭವ ಶೇ 95.’ ಸಾವಿರದಲ್ಲಿ ಒಂದು ಸೋಂಕಿತ ಬೀಜವನ್ನು ನಿಮ್ಮ ವಿಧಾನ ತಪ್ಪದೆ ಹಿಡಿಯುತ್ತದೆಂದು ಆರನೆಯ ಹಂತದಲ್ಲಿ ಸಾಬೀತಾಗಿದ್ದರೆ ಮಾತ್ರ ಈ ವಾಕ್ಯವನ್ನು ಬರೆಯಬಹುದು. ಅದು ಹತ್ತರಲ್ಲಿ ಒಂಬತ್ತು ಬಾರಿ ಮಾತ್ರ ಹಿಡಿಯುತ್ತಿದ್ದರೆ ಭರವಸೆಯ ಅಂಕಿಯನ್ನು ಇಳಿಸಬೇಕು, ಇಲ್ಲವೇ ಬೀಜಗಳ ಸಂಖ್ಯೆಯನ್ನು ಏರಿಸಬೇಕು. ಬಳಸಿದ ವಿಧಾನ, ಗುರಿ ಜೀನ್, ನಿಯಂತ್ರಣಗಳ ಫಲಿತಾಂಶ, ಬೀಜಕ್ಕೆ ಉಪಚಾರವಾಗಿದ್ದರೆ ಅದರ ವಿವರ ಇವೂ ವರದಿಯಲ್ಲಿರಬೇಕು.

ಧನಾತ್ಮಕ ಫಲಿತಾಂಶ ಬಂದಾಗ ಲಾಟ್ ಕದಲದಂತೆ ಮೊಹರು ಮಾಡಿಸಿ, ಅಧಿಕೃತ ಸಸ್ಯ ಸಂರಕ್ಷಣಾ ಸಂಸ್ಥೆಗೆ ತಿಳಿಸಬೇಕು. ಅದಕ್ಕಿಂತ ಮೊದಲು ಬೇರೆ ಯಾರಿಗೂ ಸುದ್ದಿ ಹೋಗಬಾರದು. ಪರೀಕ್ಷಿಸದೆ ಉಳಿದ ಬೀಜವನ್ನು ತಂಪಾದ ಒಣ ಸ್ಥಳದಲ್ಲಿ, ಡಿಎನ್‌ಎಯನ್ನು ಋಣ 20 ಡಿಗ್ರಿಯಲ್ಲಿ, ಆರ್‌ಎನ್‌ಎಯನ್ನು ಋಣ 80 ಡಿಗ್ರಿಯಲ್ಲಿ, ಶುದ್ಧ ವಸಾಹತು ದೊರೆತಿದ್ದರೆ ಅದನ್ನೂ, ಗುರುತಿನ ಚೀಟಿಯೊಂದಿಗೆ ಜೋಪಾನವಾಗಿ ಇಡಬೇಕು. ಬೀಜ ಕಳುಹಿಸಿದವರು ಮರುಪರೀಕ್ಷೆ ಕೇಳಿದರೆ ಇನ್ನೊಂದು ಪ್ರಯೋಗಾಲಯಕ್ಕೆ ಕೊಡಲು ಇವೆಲ್ಲ ಪ್ರಕರಣ ಇತ್ಯರ್ಥವಾಗುವವರೆಗೂ ಕೈಯಲ್ಲಿರಬೇಕು.